ಗೋಡೆಯ ಮೇಲಿನ ಬಸವಣ್ಣ, ಕಿಟಕಿಯ ಮುಂದಿನ ಅವ್ವ



2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಅದರ ಬೆನ್ನಿಗೇ ಎಲ್ಲ ಸರ್ಕಾರಿ ಕಚೇರಿಗಳಲ್ಲಿ ಬಸವಣ್ಣನವರ ಭಾವಚಿತ್ರ ಹಾಕಬೇಕೆಂಬ ಆದೇಶವೂ ಬಂತು. ನಾವೆಲ್ಲ ಸಂಭ್ರಮಪಟ್ಟೆವು. ನಮ್ಮೂರ ಬಳಗದವರು ಚಿತ್ರಕ್ಕೆ ಚೌಕಟ್ಟು ಹಾಕಿಸಿ, ಮೆರವಣಿಗೆಯಲ್ಲಿ ಒಯ್ದು ಪಂಚಾಯಿತಿಗೆ ಒಪ್ಪಿಸಿದರು. ಮೊಳೆ ಹೊಡೆಯುವಾಗ ಮಟ್ಟ ಸರಿಯಿದೆಯೇ ಎಂದು ನೋಡಿ ಹೇಳುವ ಕೆಲಸ ನನ್ನದಾಗಿತ್ತು. ಇಂಜಿನಿಯರ್ ಎಂದಮೇಲೆ ಅಷ್ಟು ಗೌರವವಾದರೂ ಸಿಗಬೇಕಲ್ಲ!

ಕೆಲವು ತಿಂಗಳ ಮೇಲೆ ಮನೆ ಕರ ಕಟ್ಟಲು ಅಲ್ಲಿಗೇ ಹೋಗಿದ್ದೆ. ನಾವು ಹಾಕಿದ ಚಿತ್ರದ ಕೆಳಗೇ ಕಿಟಕಿ. ಕಿಟಕಿಯ ಮುಂದೆ ನಮ್ಮ ಓಣಿಯ ಹಿರಿಯ ತಾಯಿಯೊಬ್ಬರು ನಿಂತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಮಡಿಚಿ ಮಡಿಚಿ ಹರಿಯಲು ಬಂದಿದ್ದ ಕಾಗದಗಳು.

"ಏನವ್ವಾ, ಏನ್ ಕೆಲಸ?" ಅಂದೆ.

"ವಾರಸಾ ಹಚ್ಚಬೇಕ್ರಿ ಸಾಹೇಬ್ರ. ಅವರು ಹೋಗಿ ಎರಡು ವರ್ಷ ಆತು. ಉತಾರದಾಗ ಇನ್ನೂ ಅವರ ಹೆಸರೇ ಐತಿ. ಇಲ್ಲಿ ಕೇಳಿದ್ರ ಚಾವಡಿಗೆ ಹೋಗು ಅಂತಾರ. ಅಲ್ಲಿ ಕೇಳಿದ್ರ ನಾಡಕಚೇರಿ ಅಂತಾರ. ನಾಡಕಚೇರ್ಯಾಗ ಸರ್ವರ್ ಇಲ್ಲ, ನಾಳೆ ಬಾ ಅಂತಾರ."

"ಅರ್ಜಿ ಕೊಟ್ಟಿದ್ದಕ್ಕ ಸ್ವೀಕೃತಿ ಕೊಟ್ಟಾರೇನು?"

ಆಕೆ ಚೀಲ ತಡಕಾಡಿ ಒಂದು ಚೀಟಿ ತೆಗೆದರು. ಅದರ ಮೇಲೆ ಯಾರದೋ ಮೊಬೈಲ್ ನಂಬರ್ ಬರೆದಿತ್ತು, ಬೇರೇನೂ ಇರಲಿಲ್ಲ.

ಅಲ್ಲಿದ್ದ ಸಿಬ್ಬಂದಿ ಕೆಟ್ಟವರಲ್ಲ. ನನ್ನನ್ನು ಕಂಡೊಡನೆ ಕುರ್ಚಿ ತರಿಸಿದರು, ಚಹಾ ಹೇಳಿದರು. ನನ್ನ ಕರದ ರಶೀದಿ ಹತ್ತು ನಿಮಿಷದಲ್ಲಿ ಆಯಿತು. ಅವ್ವ ನಿಂತೇ ಇದ್ದರು. ಆ ಹತ್ತು ನಿಮಿಷವೇ ಈ ಲೇಖನ ಬರೆಸುತ್ತಿದೆ.

ಮೊದಲು ವಾರಸಾ ಏಕೆ ನಿಂತಿತ್ತು ಎಂಬುದನ್ನು ಹೇಳಬೇಕು. ಇದು ಒಬ್ಬರ ಮನೆಯ ಕತೆಯಲ್ಲ, ನಮ್ಮ ಸಮಾಜದಲ್ಲಿ ಬಹಳ ಮನೆಗಳದ್ದು. ಗಂಡನ ಹೆಸರಿನ ಜಮೀನು ಹೆಂಡತಿ ಮಕ್ಕಳ ಹೆಸರಿಗೆ ಬರಬೇಕಾದರೆ ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು. ಅವ್ವನ ಹತ್ತಿರ ಮರಣ ಪ್ರಮಾಣಪತ್ರ ಇರಲಿಲ್ಲ. ಕಾರಣ ಬಹಳ ಸರಳ: ಯಾರೂ ಮರಣವನ್ನು ಬರೆಸಿರಲಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಮರಣವನ್ನು 21 ದಿನದೊಳಗೆ ಬರೆಸಬೇಕು. ಅಷ್ಟರೊಳಗೆ ಬರೆಸಿದರೆ ತಡದ ಶುಲ್ಕವಿಲ್ಲ, ತಕರಾರೂ ಇಲ್ಲ. ಆಮೇಲೆ ತಡವಾದಷ್ಟೂ ಮೇಲಿನ ಮೆಟ್ಟಿಲು ಹತ್ತಬೇಕು. ವರ್ಷ ದಾಟಿತೆಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ನೋಂದಣಿಯೇ ಇಲ್ಲ. 2023ರ ತಿದ್ದುಪಡಿಯ ನಂತರ ಈ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾ, ಉಪವಿಭಾಗ ಮಟ್ಟದ ಮ್ಯಾಜಿಸ್ಟ್ರೇಟರಿಗೆ ಬಂದಿದೆ. ಅಷ್ಟರ ಮಟ್ಟಿಗೆ ಅನುಕೂಲ. ಆದರೆ ಎಪ್ಪತ್ತರ ಅಂಚಿನ ಹೆಣ್ಣುಮಗಳಿಗೆ ಉಪವಿಭಾಗದ ಊರೂ ದೂರವೇ.

ನಮ್ಮಲ್ಲಿ ಇದು ಹೆಚ್ಚಾಗಲು ಒಂದು ವಿಶೇಷ ಕಾರಣವಿದೆ ಎಂದು ನನಗೆ ಅನ್ನಿಸುತ್ತದೆ. ಶಹರದಲ್ಲಿ ಸತ್ತರೆ ಆಸ್ಪತ್ರೆಯ ಚೀಟಿ ಇರುತ್ತದೆ, ಸ್ಮಶಾನದ ರಶೀದಿ ಇರುತ್ತದೆ. ಯಾವುದಾದರೂ ಒಂದು ಕಾಗದ ತಾನಾಗಿ ಹುಟ್ಟುತ್ತದೆ. ನಮ್ಮ ಹಳ್ಳಿಗಳಲ್ಲಿ ಹಾಗಲ್ಲ. ಹಿರಿಯರು ಮನೆಯಲ್ಲೇ ಲಿಂಗೈಕ್ಯರಾಗುತ್ತಾರೆ. ವಿಭೂತಿ ಧರಿಸಿ, ಕೂಡ್ರಿಸಿ, ಭಜನೆ ಮಾಡಿ, ಅದೇ ದಿನ ರುದ್ರಭೂಮಿಯಲ್ಲೋ ಸ್ವಂತ ಹೊಲದಲ್ಲೋ ಮಣ್ಣು ಮಾಡುತ್ತೇವೆ. ಕಟ್ಟಿಗೆ ಡಿಪೋ ಇಲ್ಲ, ರಶೀದಿ ಇಲ್ಲ, ಸರ್ಕಾರದ ಕಣ್ಣಿಗೆ ಬೀಳುವ ಯಾವ ಕುರುಹೂ ಇಲ್ಲ. ಊರಿಗೆ ಊರೇ ಬಂದು ಮಣ್ಣು ಹಾಕಿದ್ದರೂ ಸರ್ಕಾರದ ಪುಸ್ತಕದಲ್ಲಿ ಆ ಮನುಷ್ಯ ಇನ್ನೂ ಬದುಕಿಯೇ ಇರುತ್ತಾನೆ. ಜಮೀನು ಅವನ ಹೆಸರಿನಲ್ಲೇ ಇರುತ್ತದೆ. ಹೆಂಡತಿಗೆ ವಿಧವಾ ವೇತನವಿಲ್ಲ, ಬೆಳೆ ವಿಮೆ ಇಲ್ಲ, ಸೊಸಾಯಿಟಿಯ ಸಾಲವಿಲ್ಲ.

ಹೀಗಿರುವಾಗ ಪರಿಹಾರ ನಮ್ಮ ಕೈಯಲ್ಲೇ ಇದೆ. ಐದಕ್ಕೋ ಒಂಬತ್ತಕ್ಕೋ ಹನ್ನೊಂದಕ್ಕೋ ಶಿವಗಣಾರಾಧನೆ ಮಾಡುತ್ತೇವೆ. ಬಸವತತ್ತ್ವ ಒಪ್ಪಿದವರ ಮನೆಗಳಲ್ಲಿ ಅದು ನುಡಿನಮನವಾಗಿದೆ. ಎರಡೂ 21 ದಿನದ ಒಳಗೇ ಬರುತ್ತವೆ. ಮಕ್ಕಳು, ಅಳಿಯಂದಿರು, ಅಣ್ಣತಮ್ಮಂದಿರು ಎಲ್ಲ ಅಲ್ಲೇ ಕೂತಿರುತ್ತಾರೆ. ಪೂಜ್ಯರು ಆಶೀರ್ವಚನ ನೀಡುತ್ತಾರೆ. ಆ ಆಶೀರ್ವಚನದ ಕೊನೆಗೆ ಒಂದೇ ಮಾತು ಸೇರಿಸಬೇಕೆಂದು ನನ್ನ ವಿನಂತಿ: "ನೋಂದಣಿ ಆಯಿತೇ? ಆಗಿಲ್ಲದಿದ್ದರೆ ನಾಳೆ ಯಾರು ಹೋಗುತ್ತೀರಿ?" ಸಭೆಯಲ್ಲಿ ಒಬ್ಬ ಅಳಿಯನಾದರೂ ಎದ್ದು ನಿಲ್ಲುತ್ತಾನೆ. ಆಸ್ತಿಯ ಜಗಳ ಶುರುವಾಗುವುದಕ್ಕೆ ಮುಂಚೆ, ಎಲ್ಲರ ಮನಸ್ಸು ಮೆತ್ತಗಿರುವಾಗ ಈ ಕೆಲಸ ಮುಗಿಯುತ್ತದೆ. ಇದಕ್ಕೆ ಯಾವ ಸರ್ಕಾರಿ ಆದೇಶವೂ ಬೇಕಾಗಿಲ್ಲ.

ಇನ್ನು ಆ ಚೀಟಿಯ ಮಾತು. ನಮ್ಮ ರಾಜ್ಯದಲ್ಲಿ ಸಕಾಲ ಎಂಬ ಕಾಯ್ದೆ ಇದೆ. 2011ರಲ್ಲಿ ಕಾಯ್ದೆಯಾಗಿ, 2012ರ ಏಪ್ರಿಲ್ 2ರಿಂದ ಇಡೀ ರಾಜ್ಯಕ್ಕೆ ಜಾರಿಯಾಯಿತು. ಮೊದಲು 11 ಇಲಾಖೆಗಳ 151 ಸೇವೆಗಳಿದ್ದವು, ಈಗ ಅದರ ಎಷ್ಟೋ ಪಟ್ಟು ಹೆಚ್ಚಿವೆ. ಇಂತಿಂಥ ಕೆಲಸ ಇಂತಿಷ್ಟು ದಿನದಲ್ಲಿ ಆಗಬೇಕು. ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರವನ್ನು ಅರ್ಜಿದಾರರಿಗೆ ಕೊಡಬೇಕು. ಆ ಹಣವನ್ನು ತಡ ಮಾಡಿದ ಅಧಿಕಾರಿಯಿಂದಲೇ ವಸೂಲು ಮಾಡಬೇಕು. ಕೆಲಸ ಆಗದಿದ್ದರೆ ಅಥವಾ ಅರ್ಜಿ ತಿರಸ್ಕಾರವಾದರೆ ಮೇಲಿನ ಅಧಿಕಾರಿಗೆ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ ಎರಡನೆಯ ಮೇಲ್ಮನವಿ. ಅರ್ಜಿ ಕೊಟ್ಟ ದಿನವೇ 15 ಅಂಕಿಯ ಒಂದು ಸಂಖ್ಯೆ ಇರುವ ಸ್ವೀಕೃತಿ ಪತ್ರ ಕೊಡಬೇಕು.

ಕೀಲಿ ಇರುವುದು ಈ ಸಂಖ್ಯೆಯಲ್ಲಿ. ಸಂಖ್ಯೆ ಹುಟ್ಟಿದ ಮೇಲೆಯೇ ದಿನ ಎಣಿಕೆ ಶುರು. ಆದ್ದರಿಂದ ಕೆಲವು ಕಡೆ ಏನು ಮಾಡುತ್ತಾರೆ? ಅರ್ಜಿಯನ್ನು ಕೈಯಲ್ಲಿ ತೆಗೆದುಕೊಳ್ಳುತ್ತಾರೆ, ಕಂಪ್ಯೂಟರಿಗೆ ಹಾಕುವುದಿಲ್ಲ. "ನೋಡಿ ಹೇಳ್ತೀವಿ, ಹೋಗ್ರಿ." ತಿಂಗಳುಗಟ್ಟಲೆ ಕಾಗದ ಅಲ್ಲೇ ಬಿದ್ದಿರುತ್ತದೆ, ಲೆಕ್ಕದಲ್ಲಿ ಮಾತ್ರ ಒಂದು ದಿನವೂ ತಡವಾಗಿರುವುದಿಲ್ಲ. ಇನ್ನೊಂದು ಉಪಾಯವೂ ಇದೆ. ಗಡುವಿನ ಕೊನೆಯ ದಿನ ಏನೋ ಒಂದು ಕೊರತೆ ತೋರಿಸಿ ಅರ್ಜಿ ತಿರಸ್ಕರಿಸುವುದು. ಆಗಲೂ ವಿಲೇವಾರಿ ಎಂದೇ ಲೆಕ್ಕ! ಜನ ಮೇಲ್ಮನವಿಯ ಬದಲು ಮತ್ತೆ ಹೊಸ ಅರ್ಜಿ ಬರೆಸುತ್ತಾರೆ. ಇವೆಲ್ಲ ನನಗೆ ಗೊತ್ತಾಗಿದ್ದು ಓದಿ ಅಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಕಿಟಕಿಯ ಆ ಕಡೆಯೇ ಕೂತಿದ್ದವನು ನಾನು.

ಕೂತವರ ಕಷ್ಟವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಒಬ್ಬ ಗ್ರಾಮ ಆಡಳಿತಾಧಿಕಾರಿಗೆ (ನಮ್ಮ ಕಡೆ ಇನ್ನೂ ತಲಾಠಿ ಎಂದೇ ಕರೆಯುತ್ತಾರೆ) ಹಲವು ಊರು, ಹಲವು ಸಮೀಕ್ಷೆ. 2024ರಲ್ಲಿ ಅವರು ಮುಷ್ಕರ ಹೂಡಿದಾಗ ಅವರ ದೊಡ್ಡ ದೂರುಗಳಲ್ಲಿ ಒಂದು ಮೊಬೈಲ್ ಆ್ಯಪ್‌ಗಳ ಹೊರೆ. ಸರ್ವರ್ ಇಲ್ಲ ಎನ್ನುವುದು ಎಷ್ಟೋ ಸಲ ಸುಳ್ಳಲ್ಲ, ನಿಜವಾಗಿಯೂ ಇರುವುದಿಲ್ಲ. 2016ರಲ್ಲಿ ಪಂಚಾಯಿತಿಗಳಲ್ಲಿ ಬಾಪೂಜಿ ಸೇವಾ ಕೇಂದ್ರ ಬಂತು, 2022ರಲ್ಲಿ ಗ್ರಾಮ ಒನ್ ಬಂತು. ಕಿಟಕಿಗಳು ಹೆಚ್ಚಾದವು, ಒಳಗೆ ಕೂಡುವ ಕೈಗಳು ಅಷ್ಟು ಹೆಚ್ಚಾಗಲಿಲ್ಲ.

ಆದರೆ ಈ ಲೇಖನದ ಮುಖ್ಯ ಮಾತು ಅಧಿಕಾರಿಗಳದ್ದಲ್ಲ, ನಮ್ಮದು.

ನಾನು ಉಪವಿಭಾಗವೊಂದರಲ್ಲಿ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್ ಆಗಿದ್ದಾಗ ಆ ವರ್ಷದ ಅನುದಾನದಲ್ಲಿ ಒಂದೇ ಕಾಮಗಾರಿಗೆ ಆಗುವಷ್ಟು ಹಣ ಉಳಿದಿತ್ತು. ಮೇಜಿನ ಮೇಲೆ ಎರಡು ಅಂದಾಜು ಪತ್ರಿಕೆ. ಒಂದು, ಊರ ಹೊರಗಿನ ಕೇರಿಗೆ ಕಿರು ನೀರು ಸರಬರಾಜು. ಇನ್ನೊಂದು, ಮಠವೊಂದಕ್ಕೆ ಹೋಗುವ ಕಾಂಕ್ರೀಟ್ ರಸ್ತೆ. ಕೇರಿಯ ಕಡತ ಮೊದಲು ಬಂದಿತ್ತು. ಮಠದಿಂದ ಫೋನ್ ಬಂತು. ಒತ್ತಡವೇನೂ ಇರಲಿಲ್ಲ, ಬಹಳ ಪ್ರೀತಿಯಿಂದ ಮಾತಾಡಿದರು. "ನೀವು ನಮ್ಮವರೇ ಇದ್ದೀರಿ, ಜಾತ್ರೆಯೊಳಗೆ ಆಗಬೇಕು ನೋಡಿ" ಅಂದರು. ನಾನು ರಸ್ತೆಯ ಕಡತ ಮೇಲೆ ಕಳಿಸಿದೆ. ಒಂದು ಪೈಸೆ ಮುಟ್ಟಲಿಲ್ಲ. ಯಾವ ನಿಯಮವನ್ನೂ ಮುರಿಯಲಿಲ್ಲ. ಎರಡೂ ಕ್ರಿಯಾಯೋಜನೆಯಲ್ಲಿದ್ದವು, ಯಾವುದು ಮೊದಲು ಎಂಬುದು ನನ್ನ ವಿವೇಚನೆ. ಜಾತ್ರೆಯಲ್ಲಿ ನನಗೆ ಶಾಲು ಹೊದಿಸಿದರು. ಆ ಬೇಸಿಗೆಯಿಡೀ ಕೇರಿಯ ಹೆಣ್ಣುಮಕ್ಕಳು ಅದೇ ಹೊಸ ರಸ್ತೆಯ ಮೇಲೆ ಕೊಡ ಹೊತ್ತು ಓಡಾಡಿದರು. ನಾನು ಜೀಪಿನಲ್ಲಿ ಹೋಗುವಾಗ ನೋಡಿದ್ದೇನೆ. ಶಾಲು ಇನ್ನೂ ನಮ್ಮ ಮನೆಯ ಟ್ರಂಕಿನಲ್ಲಿದೆ. ಒಮ್ಮೆಯೂ ಹೊದ್ದಿಲ್ಲ.

ಲಂಚ ಎಂದರೆ ನಾವು ಹಣವನ್ನು ಮಾತ್ರ ಲೆಕ್ಕ ಹಿಡಿಯುತ್ತೇವೆ. ಶಿಫಾರಸನ್ನು ಹಿಡಿಯುವುದಿಲ್ಲ. ನೀರಾವರಿ ಕಾಲುವೆಯ ಮೇಲ್ಭಾಗದಲ್ಲಿ ಅಕ್ರಮವಾಗಿ ಪಂಪ್‌ಸೆಟ್ ಇಟ್ಟವನು ಯಾರ ಜೇಬಿಗೂ ಕೈ ಹಾಕುವುದಿಲ್ಲ, ಆದರೆ ಕೊನೆಯ ಹೊಲಕ್ಕೆ ನೀರು ಮುಟ್ಟುವುದಿಲ್ಲ. ಶಿಫಾರಸು ಅಂಥ ಪಂಪ್‌ಸೆಟ್. ಮತ್ತು ನಮ್ಮ ಸಮಾಜದಲ್ಲಿ ಈ ಪಂಪ್‌ಸೆಟ್‌ಗಳಿಗೆ ಬರವಿಲ್ಲ. ಶಾಸಕರು ನಮ್ಮವರು, ಗುತ್ತಿಗೆದಾರರು ನಮ್ಮವರು, ಎಷ್ಟೋ ಕಚೇರಿಗಳಲ್ಲಿ ಸಾಹೇಬರೂ ನಮ್ಮವರು. ಏನೂ ಇಲ್ಲದಿದ್ದರೆ ಮಠದ ಒಂದು ಪತ್ರವಂತೂ ಇದ್ದೇ ಇದೆ. ಇದನ್ನು ನಾವು ಸಮಾಜಸೇವೆ ಎಂದು ಕರೆಯುತ್ತೇವೆ.

"ನಮ್ಮವರು" ಎನ್ನುವ ಮಾತೂ ಪೂರ್ತಿ ನಿಜವಲ್ಲ. ಕಿಟಕಿಯ ಮುಂದೆ ನಿಂತಿದ್ದ ಅವ್ವ ನಮ್ಮವರಲ್ಲವೇ? ಕೊರಳಲ್ಲಿ ಲಿಂಗ ಇತ್ತು, ಹಣೆಯಲ್ಲಿ ವಿಭೂತಿ ಇತ್ತು. ಆಕೆಗಾಗಿ ಎರಡು ವರ್ಷದಲ್ಲಿ ಒಬ್ಬರೂ ಫೋನ್ ಮಾಡಿರಲಿಲ್ಲ. ಫೋನ್ ಹೋಗುವುದು ಫೋನ್ ಮಾಡಿಸಬಲ್ಲವರಿಗೆ ಮಾತ್ರ.

ಇದನ್ನು ಒಂದು ಚಿಂತನಗೋಷ್ಠಿಯಲ್ಲಿ ಹೇಳಿದಾಗ ಹಿರಿಯರೊಬ್ಬರು ಎದ್ದು ಕೇಳಿದರು: "ಪೂಜ್ಯರ ಒಂದು ಪತ್ರದಿಂದ ಬಡ ಹುಡುಗನಿಗೆ ಹಾಸ್ಟೆಲ್ ಸೀಟು ಸಿಕ್ಕರೆ ತಪ್ಪೇನು? ನೀವೇ ಪ್ರಸಾದ ನಿಲಯದಲ್ಲಿ ಓದಿದವರಲ್ಲವೇ?" ಹೌದು, ನಾನೂ ಪ್ರಸಾದ ನಿಲಯದ ಅನ್ನ ಉಂಡೇ ಇಂಜಿನಿಯರ್ ಆದವನು. ಸಿದ್ಧಗಂಗೆಯಲ್ಲಿ, ಧಾರವಾಡದ ಮುರುಘಾಮಠದಲ್ಲಿ, ಇನ್ನೂ ಎಷ್ಟೋ ಮಠಗಳಲ್ಲಿ ಹೀಗೆ ಉಂಡು ಓದಿದವರು ಲಕ್ಷಾಂತರ ಜನ ಇದ್ದಾರೆ. ಆದರೆ ವ್ಯತ್ಯಾಸ ನೋಡಿ. ದಾಸೋಹದಲ್ಲಿ ಮಠ ತನ್ನದನ್ನು ಕೊಡುತ್ತದೆ. ಪಂಕ್ತಿಯಲ್ಲಿ ಕೂತವನ ಪಾಲನ್ನು ಕಿತ್ತು ಇನ್ನೊಬ್ಬನಿಗೆ ಬಡಿಸುವುದಿಲ್ಲ. ಶಿಫಾರಸು ಪತ್ರ ಕೊಡುವುದು ಬೇರೆಯವರ ಪಾಲನ್ನು. ಸರ್ಕಾರಿ ಹಾಸ್ಟೆಲಿನ ಒಂದು ಸೀಟು ನಮ್ಮ ಪತ್ರದಿಂದ ಒಬ್ಬನಿಗೆ ಹೋದರೆ, ಸರದಿಯಲ್ಲಿದ್ದ ಇನ್ನೊಬ್ಬ ಊರಿಗೆ ಮರಳುತ್ತಾನೆ. ಅವನ ಮುಖ ನಮಗೆ ಕಾಣುವುದಿಲ್ಲ, ಅಷ್ಟೇ.

ಆಯ್ದಕ್ಕಿ ಲಕ್ಕಮ್ಮನ ಕತೆ ನಾವೆಲ್ಲ ವೇದಿಕೆಯ ಮೇಲೆ ಹೇಳುತ್ತೇವೆ. ಗಂಡ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮ್ಮದಲ್ಲ, ಒಯ್ದು ಅಲ್ಲೇ ಸುರಿದು ಬಾ ಎಂದು ತಿರುಗಿ ಕಳಿಸಿದವಳು ಆಕೆ. ಆ ಅಕ್ಕಿ ಕದ್ದದ್ದೂ ಆಗಿರಲಿಲ್ಲ, ಅಂಗಳದಲ್ಲಿ ಆಯ್ದದ್ದು. ನನ್ನ ರಸ್ತೆಯ ಕಡತವನ್ನು ಲಕ್ಕಮ್ಮ ನೋಡಿದ್ದರೆ ಏನನ್ನುತ್ತಿದ್ದಳೋ!

ಬಸವಣ್ಣನವರೂ ಸರ್ಕಾರಿ ನೌಕರರೇ. ಮಂಗಳವೇಡೆಯಲ್ಲಿ ಕರಣಿಕರಾಗಿ ಸೇರಿ ಬಿಜ್ಜಳನ ಭಂಡಾರಿಯಾದರು ಎಂದು ಪರಂಪರೆ ಹೇಳುತ್ತದೆ. ಬೊಕ್ಕಸದ ಹಣವನ್ನು ತನ್ನವರಿಗೆ ಹಂಚುತ್ತಿದ್ದಾನೆ ಎಂದು ಚಾಡಿ ಹೇಳಿದರು, ಲೆಕ್ಕ ತೆಗೆಸಿದರು, ಒಂದು ಹಣವೂ ಕಡಿಮೆಯಾಗಿರಲಿಲ್ಲ. ಪುರಾಣಗಳು ಇದನ್ನು ಪವಾಡ ಮಾಡಿವೆ. ನನಗೆ ಪವಾಡ ಬೇಡ. ಲೆಕ್ಕ ಸರಿಯಿತ್ತು ಎಂಬುದೇ ಸಾಕು. "ತನ್ನವರಿಗೆ" ಎಂಬ ಆರೋಪವನ್ನು ಅಂದು ಅವರು ಎದುರಿಸಿದರು. ಇಂದು ನಾವು ಅದನ್ನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೇವೆ.

ಹಾಗಾದರೆ ಏನು ಮಾಡಬೇಕು? ನಮ್ಮೂರಲ್ಲಿ ಮಾಡುತ್ತಿರುವುದನ್ನು ಹೇಳುತ್ತೇನೆ, ಅದರ ಸೋಲುಗಳನ್ನೂ ಸೇರಿಸಿ. ತಿಂಗಳ ಶಿವಾನುಭವ ಗೋಷ್ಠಿ ಮುಗಿದ ಮೇಲೆ ಒಂದು ಮೇಜು ಹಾಕುತ್ತೇವೆ. ತಾಲೂಕು ಕಚೇರಿಯಿಂದ ನಿವೃತ್ತರಾದ ಶಿರಸ್ತೇದಾರರೊಬ್ಬರು, ನಾನು, ಫೋನಿನಲ್ಲಿ ಚುರುಕಾಗಿರುವ ಇಬ್ಬರು ಕಾಲೇಜು ಹುಡುಗಿಯರು. ಬಂದವರ ಕಾಗದ ನೋಡುತ್ತೇವೆ. ಯಾವ ಕಚೇರಿಗೆ, ಯಾವ ನಮೂನೆ, ಏನು ಲಗತ್ತಿಸಬೇಕು ಎಂದು ಬರೆದುಕೊಡುತ್ತೇವೆ. ಸ್ವೀಕೃತಿ ಸಂಖ್ಯೆ ತಂದವರ ಸಂಖ್ಯೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಗಡುವಿನ ತಾರೀಖಿನೊಡನೆ ಬರೆಯುತ್ತೇವೆ. ಗಡುವು ದಾಟಿದರೆ ಮೇಲ್ಮನವಿ ಬರೆಯುತ್ತೇವೆ. ಅದೂ ಆಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ: 10 ರೂಪಾಯಿ ಶುಲ್ಕ, ಒಂದು ವಿಷಯ, 150 ಪದದೊಳಗೆ. ಹುಡುಗಿಯರು ಪದ ಎಣಿಸಿ ಎಣಿಸಿ ಈಗ ನಮಗಿಂತ ಚೆನ್ನಾಗಿ ಬರೆಯುತ್ತಾರೆ.

ನಿಯಮ ಒಂದೇ: ಯಾವ ಅಧಿಕಾರಿಗೂ ಫೋನ್ ಮಾಡುವಂತಿಲ್ಲ. ಇದು ಬಹಳ ಕಷ್ಟ. ಶಿರಸ್ತೇದಾರರಿಗೆ ಕಚೇರಿಯಲ್ಲಿ ಎಲ್ಲರೂ ಗೊತ್ತು. ಒಂದು ಮಾತು ಹೇಳಿದರೆ ಸಂಜೆಯೊಳಗೆ ಆಗುವ ಕೆಲಸಕ್ಕೆ ಮೂರು ವಾರ ಕಾಯಿಸುತ್ತೀರಲ್ಲ ಎಂದು ಬಂದವರೂ ಬೇಸರ ಮಾಡಿಕೊಳ್ಳುತ್ತಾರೆ. ಕೆಲವರು ಎದ್ದುಹೋಗಿದ್ದಾರೆ. ಹೋಗಲಿ.

ಮೊದಲ ಕೆಲವು ತಿಂಗಳು ಬಂದವರೆಲ್ಲ ನಮ್ಮ ಓಣಿಯವರೇ. ಕೇರಿಯವರು ಒಬ್ಬರೂ ಮಠದ ಮೆಟ್ಟಿಲು ಹತ್ತಲಿಲ್ಲ. "ಎಲ್ಲರಿಗೂ ಸ್ವಾಗತ" ಎಂದು ಫಲಕ ಹಾಕಿದೆವು, ಆದರೂ ಬರಲಿಲ್ಲ. ಫಲಕದ ಅಕ್ಷರಕ್ಕಿಂತ ಮೆಟ್ಟಿಲಿನ ನೆನಪು ಹಳೆಯದು. ಆಮೇಲೆ ಹುಡುಗಿಯರಲ್ಲಿ ಒಬ್ಬಳು ಹೇಳಿದಳು, "ಮೇಜನ್ನೇ ಹೊರಗೆ ಒಯ್ಯೋಣ್ರಿ ಕಾಕಾ." ಈಗ ಮೇಜು ಪಂಚಾಯಿತಿಯ ಎದುರಿನ ಬೇವಿನ ಗಿಡದ ಕೆಳಗೆ ಇರುತ್ತದೆ. ಕೆಲವು ಹಿರಿಯರಿಗೆ ಇದು ಸರಿ ಕಾಣಲಿಲ್ಲ, ಮಠದ ಕೆಲಸ ಮಠದಲ್ಲೇ ಆಗಬೇಕು ಎಂದರು. ಪೂಜ್ಯರು ನಕ್ಕು ಸುಮ್ಮನಿದ್ದರು. ಅದನ್ನೇ ನಾವು ಅಪ್ಪಣೆ ಎಂದುಕೊಂಡೆವು.

ಗ್ರಾಮಸಭೆಯ ಬಗ್ಗೆ ಒಂದು ಮಾತು. ಕಾಯ್ದೆಯಂತೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಮನೆ ಯಾರಿಗೆ, ಶೌಚಾಲಯ ಯಾರಿಗೆ ಎಂಬ ಪಟ್ಟಿ ಅಲ್ಲೇ ಆಗಬೇಕು. ಅನುಭವ ಮಂಟಪ ಜಗತ್ತಿನ ಮೊದಲ ಸಂಸತ್ತು ಎಂದು ಭಾಷಣ ಮಾಡುವ ನಾವು ನಮ್ಮೂರ ಗ್ರಾಮಸಭೆಗೆ ಎಷ್ಟು ಜನ ಹೋಗುತ್ತೇವೆ? ನಾನು ನಿವೃತ್ತನಾಗುವವರೆಗೆ ಒಂದಕ್ಕೂ ಪ್ರಜೆಯಾಗಿ ಹೋಗಿರಲಿಲ್ಲ. ಅಧಿಕಾರಿಯಾಗಿ ಹೋದಾಗಲೂ ಬೇಗ ಮುಗಿಯಲಿ ಎಂದೇ ಕೂತಿರುತ್ತಿದ್ದೆ. ಜಾತ್ರೆಗೆ ಕಟ್ಟುವ ಧ್ವನಿವರ್ಧಕದಲ್ಲಿ ಗ್ರಾಮಸಭೆಯ ತಾರೀಖನ್ನೂ ಸಾರಿದರೆ ಮಠಕ್ಕೆ ಖರ್ಚೇನೂ ಬರುವುದಿಲ್ಲ.

ಅವ್ವನ ವಾರಸಾ ಆಯಿತು. ಮರಣ ನೋಂದಣಿಗೆ ಮ್ಯಾಜಿಸ್ಟ್ರೇಟರ ಆದೇಶ, ಆಮೇಲೆ ವಂಶವೃಕ್ಷ, ಆಮೇಲೆ ವಾರಸಾ. ಎಲ್ಲ ಸೇರಿ ಏಳು ತಿಂಗಳು ಹಿಡಿಯಿತು. ನಡುವೆ ಒಂದು ಅರ್ಜಿ ಗಡುವು ದಾಟಿತು. ದಿನಕ್ಕೆ 20 ರೂಪಾಯಿ ಪರಿಹಾರ ಕೇಳೋಣವೇ ಎಂದೆವು. "ಅದನ್ನ ಯಾರು ಕೊಡ್ತಾರ್ರಿ?" ಅಂದರು. ಆ ಅಧಿಕಾರಿಯ ಕೈಯಿಂದಲೇ ಎಂದೆವು. "ಬ್ಯಾಡ ಬಿಡ್ರಿ, ಆ ಹುಡುಗ ಮಕ್ಕಳೊಂದಿಗ ಅದಾನ. ನನ್ನ ಕೆಲಸ ಆದ್ರ ಸಾಕು." ಶಿರಸ್ತೇದಾರರು ಮತ್ತು ನಾನು ಈ ವಿಷಯದಲ್ಲಿ ಇನ್ನೂ ಜಗಳವಾಡುತ್ತೇವೆ. ಕೇಳಲೇಬೇಕಿತ್ತು ಎಂದು ನನ್ನ ವಾದ.

ಹೋದ ತಿಂಗಳು ಬೇವಿನ ಗಿಡದ ಹತ್ತಿರ ಅವ್ವ ಮತ್ತೆ ಬಂದರು. ಜೊತೆಗೆ ಕೇರಿಯ ಒಬ್ಬ ಹೆಣ್ಣುಮಗಳು, ಸೊಂಟದಲ್ಲಿ ಕೂಸು. "ಇಕಿ ಗಂಡ ತೀರಿಕೊಂಡು ಇನ್ನೂ ತಿಂಗಳಾಗಿಲ್ರಿ. ಬರಸಿಲ್ಲಂತ. ಮೊದಲ ಇದನ್ನ ಮಾಡ್ರಿ" ಎಂದು ಅವ್ವನೇ ಮೇಜಿನ ಮುಂದೆ ಆಕೆಯನ್ನು ಕೂಡ್ರಿಸಿದರು. ಹುಡುಗಿ ಕ್ಯಾಲೆಂಡರ್ ತೆಗೆದು ದಿನ ಎಣಿಸಿದಳು. ಹದಿನೆಂಟು. ಅಂದು ಭಾನುವಾರ. ಮರುದಿನ ಬೆಳಿಗ್ಗೆ ಕಚೇರಿ ತೆಗೆಯುವ ಹೊತ್ತಿಗೆ ಅವರಿಬ್ಬರೂ ಕಿಟಕಿಯ ಮುಂದೆ ಮೊದಲಿಗೆ ನಿಂತಿದ್ದರು.